ಎಡಗೈ

ಮೊದಲು ಕೇಳಿದ್ದು ಅಳತೆಯಲ್ಲ, ಬಣ್ಣವಲ್ಲ, ಮುಂಗಡವೂ ಅಲ್ಲ.
ಖಾಲಿ ಬಕೆಟ್ಟೊಂದನ್ನು ಬೋರಲು ಹಾಕಿ,
ವೆಂಡೆಲನನ್ನು ಅದರ ಮೇಲೆ ಕೂರಿಸಿ,
ರೆಮಿಹಿಯೊ ಕೇಳಿದ:
ಎಲ್ಲೆಲ್ಲಿ ನೋಯುತ್ತೆ?

ಟೂಸಾನಿನ ಏಪ್ರಿಲ್ಲು, ಹಿತ್ತಿಲು,
ಹಳೆಯ ಈಜುಕೊಳದ ಮಗ್ಗುಲಿಗೆ ಹೊಸ ಗುಂಡಿ.
ಮೊಳದಾಳಕ್ಕೇ ಇಲ್ಲಿ ಸುಣ್ಣ ಹೆಪ್ಪುಗಟ್ಟಿದ ನೆಲ,
ಕಲೀಚೆ ಅನ್ನುತ್ತಾರೆ,
ಗುದ್ದಲಿಯನ್ನು ಠಣ್ಣೆಂದು ವಾಪಸು ಕಳಿಸುವಂಥದ್ದು.
ಎರಡು ದಿನ ಯಂತ್ರ ಕುಟ್ಟಿತು.
ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಚಾಡಿ ಹೇಳಿಕೊಂಡವು,
ಪಕ್ಕದ ಮನೆಯ ನಾಯಿ ಊಟ ಬಿಟ್ಟಿತು.
ಬಿಸಿನೀರಿನ ಒಂದು ತೊಟ್ಟಿಗೆ ಇಷ್ಟು ರಾದ್ಧಾಂತವೇ ಎಂದೆ,
ಪ್ಲಾಸ್ಟಿಕ್ಕಿನದು ಸಿಗುತ್ತಲ್ಲ, ಲಾರಿಯಲ್ಲಿ ತಂದು ಇಳಿಸಿ ಹೋಗ್ತಾರೆ.
ಅದು ಯಾರದೋ ಬೆನ್ನಿಗೆ ಮಾಡಿದ್ದು,
ಅಂದ ರೆಮಿಹಿಯೊ, ಟೇಪು ಹಿಡಿದವನು ತಲೆಯೆತ್ತದೆ.

ವೆಂಡೆಲನ ಬೆನ್ನು ತಾಮ್ರದ ಗಣಿಯ ಕೊಡುಗೆ.
ಇಪ್ಪತ್ತೊಂಬತ್ತು ವರ್ಷ, ಮನೆಯೆತ್ತರದ ಲಾರಿ,
ಹಗಲು ಪಾಳಿ, ರಾತ್ರಿ ಪಾಳಿ,
ಗುಡ್ಡವನ್ನು ಗುಂಡಿ ಮಾಡಿ ಗುಂಡಿಯನ್ನು ಗುಡ್ಡ ಮಾಡಿ
ಮನೆಗೆ ಬಂದಮೇಲೂ ಕುರ್ಚಿಯಲ್ಲಿ ಕುಲುಕುತ್ತಿದ್ದ.
ಸೊಂಟ ನನಗೆ ಗೊತ್ತು. ಬಲ ಮಂಡಿ ಗೊತ್ತು.
ಅವನು ಹೇಳಿದಂತೆಲ್ಲ ಗೋಡೆಗೆ ನೀಲಿ ಸೀಮೆಸುಣ್ಣದ ಗುರುತು:
ಇಲ್ಲೊಂದು ಜೆಟ್, ಇಲ್ಲೊಂದು, ಕಾಲಿಗೆ ಎರಡು.
ಆಮೇಲೆ, ನಾಳೆಯ ಹವಾಮಾನ ಹೇಳುವ ದನಿಯಲ್ಲಿ,
ಎಡ ಹೆಗಲ ಕೆಳಗೆ, ಎಲುಬಿನ ಒಳಮಗ್ಗುಲಲ್ಲಿ, ಅಂದ.
ಎಷ್ಟು ದಿನದಿಂದ?
ಹನ್ನೊಂದು ವರ್ಷ ಆಗಿರಬೇಕು.

ಹನ್ನೊಂದು ವರ್ಷ ನಾನು
ಅದೇ ಹೆಗಲಿಗೆ ಹಣೆಯೊತ್ತಿ ಮಲಗಿದ್ದೇನೆ.
ಸಿಟ್ಟು ಬಂತು. ನಿಂಬೆ ಪಾನಕ ತರುತ್ತೇನೆಂದು ಒಳಗೆ ಹೋಗಿ
ಐಸಿನ ತಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದೆ.
ಗುತ್ತಿಗೆದಾರ ಒಂದು ಸಲ ಕೇಳಿದ, ಸಿಕ್ಕಿತು.
ನಾನು ಕೇಳಿರಲಿಲ್ಲವೇ?
ಹೇಗಿದೀಯ ಅಂತ ದಿನಾ ಕೇಳಿದ್ದೆ.
ಎಲ್ಲಿ ಅಂತ ಕೇಳಿರಲಿಲ್ಲ.

ಲೋಟ ಹಿಡಿದು ಬರುವಷ್ಟರಲ್ಲಿ ಸರದಿ ನನ್ನದು.
ನನಗೇನಿಲ್ಲ, ಅಂದೆ. ನನ್ನ ತವರಲ್ಲಿ ಎಲ್ಲರೂ
ಸಾಯುವ ತನಕ ಹಾಗೇ ಹೇಳಿದವರು.
ರೆಮಿಹಿಯೊ ಸೀಮೆಸುಣ್ಣ ಹಿಡಿದು ಸುಮ್ಮನೆ ಕಾದ.
ಬಕೆಟ್ಟಿನ ಮೇಲಿಂದ ವೆಂಡೆಲ್:
ಅವಳಿಗೆ ಮಣಿಕಟ್ಟು. ಕತ್ತರಿ ಹಿಡಿದೂ ಹಿಡಿದೂ.
ಎಡಗೈ.

ಎಡಗೈ!
ಬಲಗೈಯವಳು ನಾನು, ಸಹಿಗೂ ಸೌಟಿಗೂ.
ಊಟದ ಮೇಜಿನಲ್ಲಿ ಎದುರಿಗೇ ಕೂತವನು
ಪತ್ರಿಕೆ ಅಡ್ಡ ಹಿಡಿದರೆ ಕಾಣುವುದಾದರೂ ಹೇಗೆ?
ಬಾಯಿ ತೆರೆದೆ. ತೆರೆದಲ್ಲೇ ಹೊಳೆಯಿತು:
ಇವನು ನನ್ನನ್ನು ಸರಿಯಾಗಿ ನೋಡಿದ್ದೆಲ್ಲ
ಸಲೂನಿನ ಕನ್ನಡಿಯಲ್ಲಿ.
ತಿಂಗಳಿಗೊಂದು ಶನಿವಾರ, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು
ಕಡೆಯ ಕುರ್ಚಿಯಲ್ಲಿ, ತಲೆ ಬೋಳಾದ ಮೇಲೂ ಬಿಡದೆ ಬಂದು,
ಇಲ್ಲದ ಕೂದಲು ಕತ್ತರಿಸುವ ಎದುರಿನವಳನ್ನು ನೋಡುತ್ತಿದ್ದ.
ಅವಳು ಕತ್ತರಿ ಕೆಳಗಿಟ್ಟು
ಬೆರಳು ಮಡಚಿ, ಬಿಚ್ಚಿ, ಕೈ ಕೊಡವುವುದನ್ನು
ಎಣಿಸುತ್ತಿದ್ದನೋ ಏನೋ.
ಕನ್ನಡಿಯೊಳಗಿನವಳಿಗೆ ಅದು ಎಡಗೈಯೇ.

ತಿದ್ದಲಿಲ್ಲ.
ಕಾಂಕ್ರೀಟು ಸಿಂಪಡಿಸಿದರು, ಗಾರೆ ನಯ ಮಾಡಿದರು,
ಬಿಲ್ಲಿನಲ್ಲಿ ಅದಕ್ಕೆ ಬೇರೆಯೇ ಸಾಲು:
ಹೆಚ್ಚುವರಿ ಜೆಟ್ ಒಂದು, ನೂರಾ ಎಂಬತ್ತು ಡಾಲರು.

ಈಗ ನವೆಂಬರು. ಹೊತ್ತು ಮುಳುಗಿದರೆ ಮರುಭೂಮಿ
ತಟಕ್ಕನೆ ತಣ್ಣಗಾಗುತ್ತದೆ.
ತೊಟ್ಟಿ ತುಂಬಿ ತುಳುಕಿ ಈಜುಕೊಳಕ್ಕೆ ಬೀಳುವ ಸದ್ದು.
ಅವನ ಗುಳಿಯಲ್ಲಿ ಅವನು, ಕಣ್ಣು ಮುಚ್ಚಿ,
ಹೆಗಲನ್ನು ಗೋಡೆಗೆ ಒಪ್ಪಿಸಿ.
ನನ್ನ ಎಡಗೈಗೆ, ಯಾವ ತಂಟೆಯೂ ಇಲ್ಲದ ಪಾಪದ ಕೈಗೆ,
ಬಿಸಿನೀರು ಬಂದು ಗುದ್ದುತ್ತಿರುತ್ತದೆ.
ಬಲಗೈಗೆ ಬೇಕೆಂದರೆ
ತಿರುಗಿ, ಗೋಡೆಗೆ ಮುಖ ಮಾಡಿ ಮಂಡಿಯೂರಬೇಕು.
ಹಾಗೆ ಊರಿದಾಗೆಲ್ಲ ಬೆನ್ನ ಹಿಂದಿನಿಂದ ಕೇಳುತ್ತಾನೆ:
ಏನು ನೋಡ್ತಿದೀಯ ಅಲ್ಲಿ?

ಬೇಲಿಯಾಚೆ ಕಾಡುಹಂದಿ ಬಂದಿದೆ, ಅನ್ನುತ್ತೇನೆ.
ಕೆಲವು ಸಲ ನಿಜವಾಗಿಯೂ ಬಂದಿರುತ್ತದೆ.